ಕ್ಯಾನ್ಸರ್ ಕೊನೆಯ ಹಂತದಲ್ಲಿರುವ ಅಪ್ಪನ ಕುಡಿತ: ತಡೆಯಬೇಕೇ, ಬಿಟ್ಟುಬಿಡಬೇಕೇ?

ಪ್ರಶ್ನೆ – ಸಕಲೇಶಪುರದ ಮಗಳು

ನಮ್ಮದು ಸಕಲೇಶಪುರ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 61 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ಬರೆಯುವವರು) ಆಗಿ ದುಡಿದವರು. ಕಳೆದ ಮಳೆಗಾಲದಲ್ಲಿ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಬೆಂಗಳೂರಿನಲ್ಲಿ ರೇಡಿಯೇಷನ್ ಮತ್ತು ಕಿಮೋ ಎರಡೂ ಆದವು. ಆದರೆ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಕುತ್ತಿಗೆಯ ಗಂಟುಗಳು ಮತ್ತೆ ಬೆಳೆದು, ಶ್ವಾಸಕೋಶಕ್ಕೂ ಹರಡಿದೆಯೆಂದು ಹೇಳಿ, ಇನ್ನು ನೋವು ಶಮನ ಮಾಡುವುದಷ್ಟೇ ಉಳಿದಿದೆ ಎಂದು ಕಳುಹಿಸಿಕೊಟ್ಟರು. ಈಗ ಮೂಗಿನ ನಳಿಗೆಯಲ್ಲಿ ಗಂಜಿ ಮತ್ತು ಹಾಲು ಹೋಗುತ್ತದೆ, ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆಯನ್ನು ಪುಡಿ ಮಾಡಿ ಅದರಲ್ಲೇ ಹಾಕುತ್ತೇವೆ.

ಅಪ್ಪ ನನಗೆ ತಿಳಿವಳಿಕೆ ಬಂದಾಗಿನಿಂದಲೂ ಕುಡಿಯುತ್ತಾರೆ. 2007ರಲ್ಲಿ ಸಾರಾಯಿ ನಿಷೇಧವಾಗುವವರೆಗೆ ಸಾರಾಯಿ, ಆಮೇಲೆ ಅಂಗಡಿಯ ವಿಸ್ಕಿ, ದಿನಕ್ಕೊಂದು ಕ್ವಾರ್ಟರ್. ಚಿಕಿತ್ಸೆಯ ದಿನಗಳಲ್ಲೂ ಪೂರ್ತಿ ನಿಂತಿರಲಿಲ್ಲವೆಂದು ಈಗ ತಿಳಿಯುತ್ತಿದೆ. ಮೊದಲು ತೋರಿಸಿದ ಆಸ್ಪತ್ರೆಯಲ್ಲಾಗಲಿ, ಆಮೇಲೆ ಹೋದಲ್ಲಾಗಲಿ "ಕುಡಿಯುತ್ತಾರೆಯೇ?" ಎಂಬ ಪ್ರಶ್ನೆಗೆ "ಮೊದಲು ಇತ್ತು, ಈಗ ಬಿಟ್ಟಿದ್ದಾರೆ" ಎಂದು ನಾವೇ ಉತ್ತರಿಸಿದೆವು, ಅವರೂ ಅದನ್ನು ಬರೆದುಕೊಂಡು ಮುಂದೆ ಹೋದರು. ನುಂಗಲು ಆಗದಿದ್ದ ಮೇಲೆ ಕುಡಿತ ತಾನಾಗಿಯೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಒಂದು ಸಂಜೆ ಅವರು ಸಿರಿಂಜಿನಿಂದ ನಳಿಗೆಯೊಳಗೆ ವಿಸ್ಕಿ ಹಾಕಿಕೊಳ್ಳುತ್ತಿರುವುದನ್ನು ಕಣ್ಣಾರೆ ಕಂಡೆ. ತಂದುಕೊಡುತ್ತಿದ್ದವನು ನನ್ನ ತಮ್ಮ.

ಅಂದೇ ನಾನು ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿದೆ, ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಮರುದಿನ ಅಪ್ಪನ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಮೂರನೆಯ ದಿನ ರಾತ್ರಿ ಗೋಡೆಯ ಮೇಲೆ ಇರುವೆಗಳಿವೆಯೆಂದು ಒರೆಸುತ್ತಾ, ಸತ್ತುಹೋದ ಚಿಕ್ಕಪ್ಪನ ಹೆಸರು ಹಿಡಿದು ಕೂಗುತ್ತಾ, ನಳಿಗೆಯನ್ನು ಕಿತ್ತುಹಾಕಿಬಿಟ್ಟರು. ನೆಂಟರು ಬಂದು ಕೊನೆಗಾಲ ಬಂತೆಂದು ಬಾಯಿಗೆ ನೀರು ಬಿಡುವ ಸಿದ್ಧತೆಯನ್ನೂ ಮಾಡಿದರು. ಯಾರೋ ಹೇಳಿದರೆಂದು ತಮ್ಮ ಅವರಿಗೆ ಸ್ವಲ್ಪ ಕುಡಿಸಿದ. ಬೆಳಗಾಗುವ ಹೊತ್ತಿಗೆ ಅಪ್ಪ ಶಾಂತರಾದರು. ಈಗ ಮತ್ತೆ ಮೊದಲಿನಂತೆಯೇ ನಡೆದಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಅಂದು ಆದದ್ದು ಕ್ಯಾನ್ಸರಿನಿಂದಲೋ ನಾನು ಮಾಡಿದ ಕೆಲಸದಿಂದಲೋ? ಮಾರ್ಫಿನ್ ಮತ್ತು ಮದ್ಯ ಒಟ್ಟಿಗೆ ದೇಹಕ್ಕೆ ಹೋಗುತ್ತಿರುವಾಗ ನಾವು ಯಾವುದನ್ನು ತಡೆಯಬೇಕು? ಇಷ್ಟು ದಿನ ಸುಳ್ಳು ಹೇಳಿ, ಈಗ ನಿಜ ಹೇಳಿದರೆ ಮಾರ್ಫಿನ್ ಕೊಡುವುದನ್ನೇ ನಿಲ್ಲಿಸಿಬಿಡುತ್ತಾರೆಯೇ ಎಂಬ ಭಯ ನಮ್ಮನ್ನು ಕಾಡುತ್ತಿದೆ.

ಉತ್ತರ 1 – ಅರಸೀಕೆರೆಯ ಓದುಗ

ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಾವು ಕೊನೆಯವರೆಗೂ ತಡೆಯಲಿಲ್ಲ, ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಬದುಕಿಡೀ ದುಡಿದವರು, ಇನ್ನುಳಿದಿರುವುದು ಕೆಲವು ವಾರಗಳೋ ತಿಂಗಳುಗಳೋ. ಅವರಿಗೆ ಈಗ ಬುದ್ಧಿ ಹೇಳಿ ಯಾರಿಗೆ ಏನು ಸಿಗಬೇಕಾಗಿದೆ? ನಿಮ್ಮ ತಮ್ಮ ಮಾಡಿದ್ದು ಪ್ರೀತಿಯಿಂದಲೇ ಎಂಬುದನ್ನು ಮರೆಯಬೇಡಿ. ಕೇಳಿದ್ದನ್ನು ಕೊಟ್ಟು ನೆಮ್ಮದಿಯಿಂದ ಕಳುಹಿಸಿಕೊಡಿ ಎಂಬುದೇ ನನ್ನ ಮಾತು.

ಉತ್ತರ 2 – ಹಾಸನದ ವೈದ್ಯೆ

ಸಹೋದರಿ, ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ನೀವು ವಿವರಿಸಿರುವುದು ಬಹುತೇಕ ಖಚಿತವಾಗಿ ಕುಡಿತ ಒಮ್ಮೆಲೇ ನಿಂತದ್ದರಿಂದ ಬಂದ ಸನ್ನಿ. ವರ್ಷಗಟ್ಟಲೆ ಪ್ರತಿದಿನ ಕುಡಿದವರ ಮಿದುಳು ಮದ್ಯವಿರುವ ಸ್ಥಿತಿಗೆ ಹೊಂದಿಕೊಂಡಿರುತ್ತದೆ. ಅದು ಹಠಾತ್ತನೆ ಇಲ್ಲವಾದಾಗ ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಂತಿ, ಗಾಬರಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಾಗ ಇಲ್ಲದ್ದನ್ನು ಕಾಣುವ, ದಿಕ್ಕು ಹೊತ್ತು ತಿಳಿಯದ ಸನ್ನಿ ಏಳುತ್ತದೆ. ಇದು ಪ್ರಾಣವನ್ನೇ ತೆಗೆಯಬಲ್ಲ ಸ್ಥಿತಿ. ಆರೋಗ್ಯವಂತನಿಗೇ ಹೀಗಾದರೆ, ಸೊರಗಿದ ದೇಹಕ್ಕೆ ಹೇಗಾಗಬೇಡ? ಆದ್ದರಿಂದ ಮನೆಯಲ್ಲಿ ಒಮ್ಮೆಲೇ ನಿಲ್ಲಿಸುವ ಪ್ರಯತ್ನವನ್ನು ಇನ್ನೊಮ್ಮೆ ಮಾಡಬೇಡಿ. ನೀವು ತಿಳಿದು ಮಾಡಿದ್ದಲ್ಲ. ಆ ಭಾರವನ್ನು ಹೊತ್ತುಕೊಳ್ಳಬೇಡಿ.

ಕ್ಯಾನ್ಸರಿನ ಕೊನೆಯ ಹಂತದಲ್ಲಿ ಸನ್ನಿ ಬೇರೆ ಕಾರಣಗಳಿಂದಲೂ ಬರುತ್ತದೆ. ಸೋಂಕು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು, ಮೂತ್ರ ಕಟ್ಟುವುದು, ಹಲವು ದಿನಗಳ ಮಲಬದ್ಧತೆ, ಮಾರ್ಫಿನ್ ಅತಿಯಾಗುವುದು, ಇವೆಲ್ಲ ಸೇರಿಕೊಂಡಿರಬಹುದು. ಮಾರ್ಫಿನ್ ಹೆಚ್ಚಾದಾಗ ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಕೈಕಾಲು ಆಗಾಗ ಬೆಚ್ಚಿದಂತೆ ಕುಣಿಯುತ್ತವೆ. ಕುಡಿತ ನಿಂತಾಗ ನಾಡಿ ಓಡುತ್ತದೆ, ಮೈ ಬೆವರುತ್ತದೆ, ನಿದ್ರೆಯೇ ಇರುವುದಿಲ್ಲ. ಆದರೆ ಕುಡಿತದ ವಿಷಯವೇ ಗೊತ್ತಿಲ್ಲದ ವೈದ್ಯರು ಅದನ್ನು ಸಾವಿನ ಮುನ್ನಿನ ತಳಮಳವೆಂದು ತಿಳಿದುಬಿಡಬಹುದು. ನಿಮ್ಮ ನೆಂಟರು ತಿಳಿದದ್ದೂ ಅದನ್ನೇ.

ಇಲ್ಲಿ ಒಂದು ಅಂಕಿಯನ್ನು ಹೇಳಬೇಕು. ಅಮೆರಿಕದ ಹ್ಯೂಸ್ಟನ್ ನಗರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರ ಉಪಶಾಮಕ ಚಿಕಿತ್ಸಾ ವಿಭಾಗದವರು, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆಯವರು, 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕುಡಿತದ ಕುರಿತು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿದ 598 ರೋಗಿಗಳಲ್ಲಿ 100 ಮಂದಿಗೆ ಕುಡಿತದ ಸಮಸ್ಯೆಯ ಸುಳಿವು ಸಿಕ್ಕಿತು. ಆ ನೂರರಲ್ಲಿ ಅದಕ್ಕೆ ಮೊದಲೇ ಗುರುತಿಸಲ್ಪಟ್ಟವರು 13 ಮಂದಿ ಮಾತ್ರ. ಅಷ್ಟು ಸೌಕರ್ಯವಿರುವ ಜಾಗದಲ್ಲೇ ಹೀಗಿದ್ದರೆ, ಓಪಿಡಿಯಲ್ಲಿ ಸರತಿ ಹಿಡಿದು ನಿಲ್ಲುವ ನಮ್ಮ ಕಡೆಯ ರೋಗಿಗಳ ಮಾತು ಹೇಗಿರಬಹುದೆಂದು ನೀವೇ ಊಹಿಸಿ. ಆ ನಾಲ್ಕು ಪ್ರಶ್ನೆಗಳು ಬಹಳ ಸರಳವಾದವು: ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿತ್ತೇ, ಇತರರು ಅದನ್ನು ಆಡಿಕೊಂಡಾಗ ಸಿಟ್ಟು ಬಂದಿತ್ತೇ, ಕುಡಿತದ ಬಗ್ಗೆ ತಪ್ಪಿತಸ್ಥ ಭಾವ ಕಾಡಿತ್ತೇ, ಬೆಳಿಗ್ಗೆ ಎದ್ದೊಡನೆ ನಡುಕ ತಡೆಯಲು ಕುಡಿದದ್ದುಂಟೇ. ಎರಡಕ್ಕೆ "ಹೌದು" ಬಂದರೆ ವೈದ್ಯರು ಮುಂದುವರಿದು ವಿಚಾರಿಸಬೇಕು.

ಈಗ ಮಾರ್ಫಿನ್ ವಿಷಯ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ.; ಶೇ 42.8ರ ಲೆಕ್ಕದಲ್ಲಿ ಅದರಲ್ಲಿರುವ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ಮದ್ಯ ಮತ್ತು ಮಾರ್ಫಿನ್ ಎರಡೂ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತವೆ. ಒಂದರ ಮೇಲೊಂದು ಬಿದ್ದಾಗ ಅಪಾಯ ಹೆಚ್ಚು, ಮೇಲೆ ನಿದ್ರೆ ಮಾತ್ರೆಯೂ ಸೇರಿದರೆ ಇನ್ನೂ ಹೆಚ್ಚು. ನಿಧಾನವಾಗಿ ಬಿಡುಗಡೆಯಾಗುವ ದೀರ್ಘಾವಧಿಯ ಮಾತ್ರೆಗಳಲ್ಲಿ ಇನ್ನೊಂದು ತೊಡಕಿದೆ: ಮದ್ಯದೊಡನೆ ಕೆಲವು ಬಗೆಯ ಮಾತ್ರೆಗಳ ಕವಚ ಕರಗಿ, ಹನ್ನೆರಡು ಗಂಟೆಗಳಲ್ಲಿ ಹೋಗಬೇಕಾದ ಔಷಧ ಒಮ್ಮೆಗೇ ರಕ್ತ ಸೇರಬಹುದು. ಮಾರ್ಫಿನ್ ಜಾತಿಯದೇ ಆದ ಅಂಥ ಒಂದು ಔಷಧವನ್ನು 2005ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಇದೇ ಕಾರಣಕ್ಕೆ ಹಿಂದೆಗೆದುಕೊಂಡರು. ನೀವು ಪುಡಿ ಮಾಡಿ ಕೊಡುತ್ತಿರುವುದು ನಾಲ್ಕು ಗಂಟೆಗೊಮ್ಮೆಯ ಸಾಧಾರಣ ಮಾತ್ರೆಯಾದ್ದರಿಂದ ಪುಡಿ ಮಾಡುವುದರಲ್ಲಿ ತೊಂದರೆಯಿಲ್ಲ. ದೀರ್ಘಾವಧಿಯ ಮಾತ್ರೆಯನ್ನು ಮಾತ್ರ ಎಂದಿಗೂ ಪುಡಿ ಮಾಡಿ ನಳಿಗೆಗೆ ಹಾಕಬಾರದು. ಪ್ಯಾರಾಸಿಟಮಾಲ್ ಕೊಡುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಕುಡಿಯುವ, ಸೊರಗಿದ ದೇಹಕ್ಕೆ ದಿನದ ಮಿತಿಯನ್ನು ಸಾಮಾನ್ಯವಾಗಿ 2 ಗ್ರಾಂಗೆ ಇಳಿಸುತ್ತೇವೆ.

ನಿಜ ಹೇಳಿದರೆ ಮಾರ್ಫಿನ್ ನಿಲ್ಲಿಸುತ್ತಾರೆಯೇ ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಿಲ್ಲಿಸಬಾರದು. ಕುಡಿಯುವವನ ಕ್ಯಾನ್ಸರ್ ನೋವೂ ನೋವೇ. ನೋವು ತಗ್ಗದಿದ್ದರೆ ಅವನು ಇನ್ನೂ ಹೆಚ್ಚು ಕುಡಿಯುತ್ತಾನೆ. ವಿಷಯ ತಿಳಿದ ವೈದ್ಯರು ಪ್ರಮಾಣವನ್ನು ಎಚ್ಚರದಿಂದ ಏರಿಸುತ್ತಾರೆ, ಒಮ್ಮೆಗೆ ಕೊಡುವ ಮಾತ್ರೆಗಳನ್ನು ಕಡಿಮೆ ಮಾಡಿ ಬೇಗ ಬೇಗ ಕರೆಸಿಕೊಳ್ಳುತ್ತಾರೆ, ಮಾತ್ರೆಗಳನ್ನು ಮನೆಯ ಒಬ್ಬರೇ ಬೀಗದಲ್ಲಿಟ್ಟುಕೊಳ್ಳಲಿ ಎನ್ನುತ್ತಾರೆ. ಅರಸೀಕೆರೆಯ ಓದುಗರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ: ಈ ಹಂತದಲ್ಲಿ ಪೂರ್ತಿ ಬಿಡಿಸುವುದೇ ಗುರಿಯಾಗಬೇಕಿಲ್ಲ. ಆದರೆ ತಡೆಯದೆ ಬಿಡುವುದು ಮತ್ತು ತಿಳಿದು, ಅಳೆದು ಕೊಡುವುದು ಒಂದೇ ಅಲ್ಲ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬಾಗಿಲಲ್ಲೇ ಎರಡು ಸಂಗತಿ ಹೇಳಿ: ದಿನಕ್ಕೆ ಎಷ್ಟು, ಕೊನೆಯ ಸಲ ಎಷ್ಟು ಗಂಟೆಗೆ. ಹಾಗೆಯೇ, ಸುಸ್ತಾಗಿದ್ದಾರೆಂದು ಪೇಟೆಯಲ್ಲಿ ಬರಿಯ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರಬೇಡಿ. ಹಲವು ವರ್ಷ ಕುಡಿದವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ, ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು.

ಉತ್ತರ 3 – ಮೂಡಿಗೆರೆಯಿಂದ

ವೈದ್ಯರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಬೇರೊಂದು ಮಾತನ್ನು ಹೇಳಲು ಬರೆಯುತ್ತಿದ್ದೇನೆ. ನಮ್ಮ ಯಜಮಾನರು ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷವಾಯಿತು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅವರ ಕುಡಿತವನ್ನೂ ಹೊಡೆತವನ್ನೂ ಸಹಿಸಿದವಳು ನಾನು. ಕಾಯಿಲೆ ಬಂದ ದಿನದಿಂದ ಎಲ್ಲರೂ "ಪಾಪ, ಅವನಿಗೆ ಹೀಗಾಗಬಾರದಿತ್ತು" ಎಂದರು. ಅವರ ಹಿಂದಿನದ್ದೆಲ್ಲ ಒಂದೇ ದಿನದಲ್ಲಿ ತೊಳೆದುಹೋಯಿತು, ನನ್ನದು ಮಾತ್ರ ನನ್ನೊಳಗೇ ಉಳಿಯಿತು. ಹಾಸಿಗೆಯಲ್ಲಿ ಮಲಗಿದ್ದವರು ಕೈಸನ್ನೆಯಲ್ಲಿ ಕುಡಿಯಲು ಕೇಳಿದಾಗ ನಾನು ಕೊಡಲಿಲ್ಲ. ಆಗ ಅದನ್ನು ಅವರ ಒಳ್ಳೆಯದಕ್ಕೇ ಎಂದು ಹೇಳಿಕೊಂಡೆ. ಅದು ಸೇಡೂ ಆಗಿತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ನೀವು ಅಪ್ಪನ ಬಗ್ಗೆ, ತಮ್ಮನ ಬಗ್ಗೆ ಬರೆದಿದ್ದೀರಿ. ನಿಮ್ಮ ತಾಯಿಯವರ ಬಗ್ಗೆ ಒಂದು ಸಾಲೂ ಇಲ್ಲ. ಅವರು ಮನೆಯಲ್ಲಿದ್ದರೆ ಅವರನ್ನು ಕೇಳಿ, ನಂತರ ತೀರ್ಮಾನ ಮಾಡಿ. ಅಳೆದು ಕೊಡುವ ಕೆಲಸವನ್ನು ಮಾತ್ರ ಅವರ ಕೈಗೆ ಹಾಕಬೇಡಿ.

ಉತ್ತರ 4 – ನಿವೃತ್ತ ಶುಶ್ರೂಷಕಿ, ಚಿಕ್ಕಮಗಳೂರು

ಮೂಡಿಗೆರೆಯ ತಾಯಿ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮನೆಮನೆಗೆ ಹೋಗಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ಅಂಥ ಹೆಂಗಸರು ಬಾಗಿಲ ಹಿಂದೆಯೇ ನಿಂತಿರುತ್ತಿದ್ದರು. ನಾವು ರೋಗಿಯ ಹುಣ್ಣು ತೊಳೆದು, ಚೀಟಿ ಬರೆದು ಹೊರಟುಬಿಡುತ್ತಿದ್ದೆವು. ಅವರೊಡನೆ ಅಡುಗೆಮನೆಯಲ್ಲಿ ಹತ್ತು ನಿಮಿಷ ಕೂರುವುದನ್ನು ನಾನು ಬಹಳ ತಡವಾಗಿ ಕಲಿತೆ.

ನನ್ನ ಅನುಭವದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಎಷ್ಟು ಕುಡಿಯುತ್ತಾರೆ ಎಂಬುದಷ್ಟೇ ಅಲ್ಲ, ಯಾವ ಹೊತ್ತಿಗೆ ಮತ್ತು ಅದಕ್ಕೆ ತುಸು ಮುಂಚೆ ಏನಾಗುತ್ತದೆ ಎಂಬುದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ಆರಂಭಿಸಿದ ಸಿಸಿಲಿ ಸಾಂಡರ್ಸ್ ಅವರು ರೋಗಿಯ ನೋವಿನಲ್ಲಿ ಮೈಯ ನೋವು, ಮನಸ್ಸಿನದು, ಮನೆಮಂದಿಯದು, ಬದುಕಿನ ಅರ್ಥದ್ದು ಎಲ್ಲವೂ ಬೆರೆತಿರುತ್ತವೆ ಎಂದು ತೋರಿಸಿಕೊಟ್ಟರು. ಕುಡಿಯುವ ರೋಗಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬಹಳ ಕಾಲ ದುಃಖ, ಭಯ, ಅವಮಾನಗಳಿಗೆಲ್ಲ ಒಂದೇ ಮದ್ದನ್ನು ಬಳಸಿದವರು, ಮಾರ್ಫಿನ್ ಕೈಗೆ ಬಂದಾಗ ಅದನ್ನೂ ಹಾಗೆಯೇ ಬಳಸಲು ನೋಡುತ್ತಾರೆ. ನಿದ್ರೆ ಬಾರದಿದ್ದರೆ ಒಂದು ಹೆಚ್ಚು, ಮಗನೊಡನೆ ಜಗಳವಾದರೆ ಒಂದು ಹೆಚ್ಚು. ಆಗ "ನೋವು ಜಾಸ್ತಿ" ಎಂದು ಹೇಳಿದ ಮಾತ್ರಕ್ಕೆ ಪ್ರಮಾಣ ಏರಿಸುತ್ತಾ ಹೋದರೆ ಮಂಪರು ಹೆಚ್ಚುತ್ತದೆಯೇ ಹೊರತು ಒಳಗಿನ ತಳಮಳ ಹಾಗೆಯೇ ಉಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದವರನ್ನೂ ನೋಡಿದ್ದೇನೆ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿದ್ದ ಒಬ್ಬರು, ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದು ಹೊರಳಲಾರದೆ ಇದ್ದರೂ ಮಾರ್ಫಿನ್ ಮುಟ್ಟಲಿಲ್ಲ. ಮತ್ತೆ ಆ ಹಾದಿಗೆ ಬೀಳುತ್ತೇನೆ ಎಂಬ ಹೆದರಿಕೆ ಅವರಿಗೆ. ಅವರನ್ನು ಒಪ್ಪಿಸಲು ವೈದ್ಯರ ವಾದ ಸಾಕಾಗಲಿಲ್ಲ. ಹೆಂಡತಿಯೇ ಮಾತ್ರೆಗಳನ್ನು ಎಣಿಸಿ ಕೊಡಬೇಕು, ಪ್ರತಿ ಗುರುವಾರ ನಾನು ಬಂದು ಲೆಕ್ಕ ನೋಡಬೇಕು ಎಂದು ಅವರೇ ಕರಾರು ಹಾಕಿದ ಮೇಲೆ ತೆಗೆದುಕೊಂಡರು. ಕುಡಿತ ಬಿಟ್ಟವನ ಆ ಹೆಮ್ಮೆಯನ್ನು ನಾವು ಕಾಪಾಡಬೇಕಾಗಿತ್ತು.

ಸಕಲೇಶಪುರದ ಮಗಳೇ, ಒಂದು ವಾರ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ವಿಸ್ಕಿ ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಅವರು ಹೇಗಿದ್ದರು. ಮತ್ತು ಅಪ್ಪನನ್ನು ಕೇಳುವಾಗ ತಮ್ಮ, ನೆಂಟರು, ನೀವು ಯಾರೂ ಹತ್ತಿರ ಇರಬೇಡಿ. ದಾದಿಯೋ ವೈದ್ಯರೋ ಒಬ್ಬರೇ ಕೂತು ಕೇಳಲಿ. ಹೆಂಡತಿ ಮಕ್ಕಳ ಎದುರು ಆ ನಾಲ್ಕು ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಟ್ಟವರನ್ನು ನಾನು ಕಂಡಿದ್ದು ಬಹಳ ಕಡಿಮೆ. ಮಾತು ಬರದಿದ್ದರೆ ಸ್ಲೇಟು ಕೊಡಿ. ರೈಟರ್ ಆಗಿದ್ದವರು, ಬರೆಯುತ್ತಾರೆ.

ಮರುನುಡಿ – ಸಕಲೇಶಪುರದ ಮಗಳು

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಹಾಸನಕ್ಕೆ ಹೋಗಿ ಎಲ್ಲವನ್ನೂ ಹೇಳಿದೆವು. ಮಾರ್ಫಿನ್ ನಿಲ್ಲಿಸಲಿಲ್ಲ. ಇಷ್ಟು ದಿನ ಹೇಳದೆ ಇದ್ದುದಕ್ಕೆ ಬೈಯಲೂ ಇಲ್ಲ. ಥಯಾಮಿನ್ ಇಂಜೆಕ್ಷನ್ ಕೊಟ್ಟರು. ಕುಡಿತವನ್ನು ಪೂರ್ತಿ ಬಿಡಿಸಬೇಕಾದರೆ ಕೆಲವು ದಿನ ಆಸ್ಪತ್ರೆಯಲ್ಲಿಟ್ಟು, ನಡುಕ ಮತ್ತು ಫಿಟ್ಸ್ ತಡೆಯುವ ಔಷಧ ಕೊಡುತ್ತಾ ಬಿಡಿಸಬೇಕು, ಈ ಸ್ಥಿತಿಯಲ್ಲಿ ಅದು ಬೇಕೇ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಬೇಡವೆಂದು ತಲೆಯಾಡಿಸಿದರು. ಹಾಗಾಗಿ ಸದ್ಯಕ್ಕೆ ವಿಸ್ಕಿ ಎಷ್ಟು, ಯಾವಾಗ, ಮಾರ್ಫಿನ್‌ನಿಂದ ಎಷ್ಟು ಅಂತರದಲ್ಲಿ ಎಂಬುದನ್ನು ವೈದ್ಯರೇ ಬರೆದುಕೊಟ್ಟಿದ್ದಾರೆ. ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರುವುದಾಗಿ ಹೇಳಿದ್ದಾರೆ. ಅಳೆಯುವುದು ತಮ್ಮ, ಬರೆದಿಡುವುದು ನಾನು.

ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಹೇಳಬೇಕು. ಅಪ್ಪ ಕುಡಿಯುತ್ತಿದ್ದುದು ಪ್ರತಿದಿನ ಸಂಜೆ ಕತ್ತಲಾಗುವ ಹೊತ್ತಿಗೆ, ಹಗಲು ಹೆಚ್ಚು ಕಡಿಮೆ ಏನೂ ಇಲ್ಲ. ಅದು ರೂಢಿ ಎಂದೇ ನಾವು ತಿಳಿದಿದ್ದೆವು. ದಾದಿಯೊಬ್ಬರೇ ಕೂತು ಕೇಳಿದಾಗ ಅಪ್ಪ ಸ್ಲೇಟಿನಲ್ಲಿ ಬರೆದದ್ದು "ರಾತ್ರಿ ಉಸಿರು ಕಟ್ಟುತ್ತದೆ" ಎಂದು. ಮಲಗಿದರೆ ಉಸಿರು ನಿಂತುಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂಬ ಭಯಕ್ಕೆ, ತಿಳಿಯದೆ ನಿದ್ರೆ ಬರಲೆಂದು ಕುಡಿಯುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದೂ ನಮಗದು ಗೊತ್ತಿರಲಿಲ್ಲ.

ಉತ್ತರ 5 – ಹಾಸನದ ವೈದ್ಯೆ

ಶ್ವಾಸಕೋಶಕ್ಕೆ ಹರಡಿದವರಲ್ಲಿ ಈ ಭಯ ಬಹಳ ಸಾಮಾನ್ಯ, ಆದರೆ ಅವರು ಅದನ್ನು ಹೇಳುವುದೇ ಅಪರೂಪ. ಸಮಾಧಾನದ ಸಂಗತಿಯೆಂದರೆ ಸರಿಯಾದ ಪ್ರಮಾಣದ ಮಾರ್ಫಿನ್ ಉಸಿರುಗಟ್ಟುವ ಅನುಭವವನ್ನೂ ತಗ್ಗಿಸುತ್ತದೆ; ಆದ್ದರಿಂದ ರಾತ್ರಿಯ ಹೊತ್ತಿನ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರೊಡನೆ ಮುಂದಿನ ಭೇಟಿಯಲ್ಲೇ ಮಾತನಾಡಿ, ನೀವಾಗಿ ಬದಲಿಸಬೇಡಿ. ತಲೆಯ ಕಡೆ ಎತ್ತರಿಸಿ ಮಲಗಿಸಿ, ಸಣ್ಣ ಫ್ಯಾನಿನ ಗಾಳಿ ಕೆನ್ನೆ ಮೂಗಿನ ಮೇಲೆ ಬೀಳುವಂತೆ ಇಡಿ, ಕೋಣೆಯ ದೀಪ ಪೂರ್ತಿ ಆರಿಸಬೇಡಿ. ರಾತ್ರಿ ಒಬ್ಬರು ಅದೇ ಕೋಣೆಯಲ್ಲಿ ಮಲಗುವುದನ್ನು ನಾನು ಔಷಧದಷ್ಟೇ ಮುಖ್ಯವೆಂದು ಬರೆದುಕೊಡುತ್ತೇನೆ. ಅತಿಯಾದ ಮಂಪರು ಕಂಡು ಎಬ್ಬಿಸಿದರೂ ಏಳದಿದ್ದರೆ, ಉಸಿರು ಬಹಳ ನಿಧಾನವಾದರೆ, ಮುಂದಿನ ಮಾತ್ರೆ ಹಾಕದೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಮನೆಯವರಲ್ಲಿ ಯಾರಿಗಾದರೂ ಮಾತನಾಡಿ ಹಗುರಾಗಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮರುನುಡಿ – ಸಕಲೇಶಪುರದ ಮಗಳು

ಫ್ಯಾನ್ ತಂದಿದ್ದೇವೆ. ತಮ್ಮ ನಾಲ್ಕು ದಿನದಿಂದ ಅಪ್ಪನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಾನೆ. ನಿನ್ನೆ ವೈದ್ಯರು ಬರೆದುಕೊಟ್ಟಿದ್ದಕ್ಕಿಂತ ಕಡಿಮೆ ವಿಸ್ಕಿಯನ್ನೇ ಅಪ್ಪ ಕೇಳಿದರು ಎಂದು ಹೇಳಿದ. ತೀರಾ ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂದು ಅವನಿಗೆ ತಿಳಿಸಿದ್ದೇನೆ, ವೈದ್ಯರಿಗೂ ಫೋನ್ ಮಾಡಿ ಹೇಳಿದ್ದೇನೆ.

ಮೂಡಿಗೆರೆಯ ಅಮ್ಮ, ನೀವು ಬರೆದದ್ದನ್ನು ನನ್ನ ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಎದ್ದು ಒಲೆಯ ಮುಂದೆ ಹೋಗಿ ಕುಳಿತರು. ಗುರುವಾರ ದಾದಿ ಮನೆಗೆ ಬರುತ್ತಾರೆ. ಅಪ್ಪನನ್ನು ನೋಡಿದ ಮೇಲೆ ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂರಬೇಕೆಂದು ಕೇಳಿಕೊಂಡಿದ್ದೇನೆ. ಮಾತನಾಡುತ್ತಾರೋ ಇಲ್ಲವೋ ತಿಳಿಯದು. ನಾನು ಆಗ ತೋಟದ ಕಡೆ ಹೋಗಿರುತ್ತೇನೆ.